ಕೈ ಎತ್ತಿ ಕೊಟ್ಟ ಅಳತೆ

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ಡೊಂಬಿವಲಿಯಲ್ಲಿ ಮದುವೆಯ ಸೂಟು ಹೊಲಿಸಲು ಹೋದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಜೀವಮಾನದ ಮೊದಲ ಸೂಟು! ಅಚ್ಚ ನೀಲಿ ಬಟ್ಟೆ ಆರಿಸಿ ಎದೆಯುಬ್ಬಿಸಿ ನಿಂತೆ.

ವಿಜಾಪುರ ಕಡೆಯ ಹಿರಿಯ ಟೇಲರ್ ಟೇಪು ಹಿಡಿದು, "ದಿನಾ ಲೋಕಲ್ ಟ್ರೇನಿನಾಗ ಹೋಗ್ತೀರೇನು?" ಎಂದು ಕೇಳಿದರು.

"ಹೌದ್ರಿ, ವಿ.ಟಿ. ಸ್ಟೇಷನ್ ತನಕ."

"ಹಂಗಾರ ಬಲಗೈ ಮ್ಯಾಲೆತ್ರಿ, ಗಾಡಿಯೊಳಗ ಹಿಡಿಕಿ ಹಿಡದಂಗ."

"ಇದು ಮದುವಿ ಸೂಟ್ರಿ!" ರೇಗಿದೆ.

"ಮದುವಿ ಒಂದ್ ದಿನ. ಲೋಕಲ್ ದಿನಾ ಐತಿ," ಎಂದವರೇ ಕೈ ಎತ್ತಿಸಿ, ಕಂಕುಳಲ್ಲಿ ಎರಡಿಂಚು ಸಡಿಲ ಬಿಟ್ಟು ಅಳತೆ ಬರೆದುಕೊಂಡರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ರಿಸೆಪ್ಷನ್ ದಿನ ಫೋಟೋಕ್ಕೆಂದು ಎರಡೂ ಕಡೆಯ ನೆಂಟರು ಒಮ್ಮೆಲೇ ವೇದಿಕೆಗೆ ನುಗ್ಗಿದರು. ಆ ನೂಕುನುಗ್ಗಲಿಗೆ ನನ್ನ ಬಲಗೈ ತಾನಾಗಿಯೇ ಮೇಲೆ ಹೋಗಿ, ಹೂಮಾಲೆ ಕಟ್ಟಿದ್ದ ಅಡ್ಡಗೋಲನ್ನು ಹಿಡಿದುಕೊಂಡಿತು. ಸೂಟಿನ ಒಂದು ಹೊಲಿಗೆಯೂ ಬಿಚ್ಚಲಿಲ್ಲ.

ಅಲ್ಲಿಯವರೆಗೆ ತಲೆಯನ್ನೇ ಎತ್ತದಿದ್ದ ಮದುಮಗಳು ಡೊಂಬಿವಲಿಯ ಪಕ್ಕದ ಸ್ಟೇಷನ್ ಠಾಕುರ್ಲಿಯಲ್ಲಿ ಬೆಳೆದವಳು. ನನ್ನ ಕೈ ನೋಡಿ ಮೆಲ್ಲಗೆ ಕೇಳಿದಳು: "ಠಾಕುರ್ಲಿ ಬಂತೇನ್ರಿ? ನಾ ಇಳೀಲಿ?"

ನನ್ನ ಜೊತೆ ಅವಳಾಡಿದ ಮೊದಲ ಮಾತು ಅದು. ಇವತ್ತಿನವರೆಗೂ ಇಳಿದಿಲ್ಲ.