ಹನ್ನೆರಡು ತಂತಿ ಮತ್ತು ರೊಟ್ಟಿ ಬಡಿಯುವ ಹಾಡು

ಹನ್ನೆರಡು ತಂತಿಯ ಗಿಟಾರನ್ನು ಶ್ರುತಿಗೆ ತರುವಷ್ಟರಲ್ಲಿ ಆರು ತಂತಿಯವರು ಎರಡು ಹಾಡು ಮುಗಿಸಿ, ಚಹಾ ಕುಡಿದು, ಕಪ್ಪನ್ನೂ ತೊಳೆದಿಟ್ಟಿರುತ್ತಾರೆ. ಇದು ದೂರಲ್ಲ, ಐವತ್ತು ದಾಟಿದ ಮೇಲೆ ಇಂಥ ವಾದ್ಯವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡವನಿಗೆ ದೂರುವ ಹಕ್ಕಾದರೂ ಎಲ್ಲಿಂದ ಬರಬೇಕು? ಇದರ ತಂತಿಗಳೆಲ್ಲ ಜೋಡಿ ಜೋಡಿ. ಎರಡು ಜೋಡಿಗಳಲ್ಲಿ ಇಬ್ಬರದೂ ಒಂದೇ ದನಿ. ಉಳಿದ ನಾಲ್ಕರಲ್ಲಿ ಒಂದು ಗಂಭೀರವಾಗಿ ನುಡಿದದ್ದನ್ನೇ ಮತ್ತೊಂದು ಒಂದು ಸ್ಥಾಯಿ ಮೇಲೇರಿಸಿ ಹೇಳುತ್ತದೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದ ನನಗೆ ಈ ವ್ಯವಸ್ಥೆ ತೀರಾ ಅಪರಿಚಿತವೇನಲ್ಲ.

ಶಹಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಈ ಗಿಟಾರು ಒದಗಿಬಂದದ್ದು ಯಾದಗಿರಿಯಲ್ಲಿ. ವರ್ಗವಾಗಿ ಹೊರಟ ಗೆಳೆಯನೊಬ್ಬ ಸಾಮಾನು ಕಟ್ಟುತ್ತ, ತನ್ನ ಕೈಯಲ್ಲಂತೂ ಇದು ನುಡಿಯಲಿಲ್ಲ, ನಿನಗಾದರೂ ಒಲಿಯಲಿ ಎಂದು ದಾಟಿಸಿಬಿಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಾಗ, ಗೋಗಿಗೆ ಹೊರಟಿದ್ದ ಹಿರಿಯರೊಬ್ಬರು ಚೀಲದ ಜಿಪ್ಪು ತೆಗೆಸಿ, ತಂತಿಗಳನ್ನು ಎಣಿಸಿ, "ಆರು ಸಾಕಾಗ್ತಿದ್ದಿಲ್ಲೇನ್ರಿ ಮಾಸ್ತರ್ರ?" ಎಂದು ಕೇಳಿದರು. ನಾನು ಜಿಪ್ಪು ಎಳೆದುಕೊಂಡೆ.

ವಿಜ್ಞಾನದ ಮೇಷ್ಟ್ರಾದ್ದರಿಂದ ಕಿವಿಗಿಂತ ಮಾಪನವನ್ನು ನಂಬಿದೆ. ಮೊಬೈಲಿಗೆ ಶ್ರುತಿ ಅಳೆಯುವ ಆ್ಯಪ್ ಬಂತು. ತಂತಿ ಮೀಟಿದರೆ ಮುಳ್ಳು ಅಲ್ಲಾಡುತ್ತದೆ; ಸ್ವರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಹೊಸ ತಕ್ಕಡಿ ಕೊಂಡವನಂತೆ ನಾನು ಕಂಡಕಂಡದ್ದನ್ನೆಲ್ಲ ತೂಗತೊಡಗಿದೆ: ಕುಕ್ಕರಿನ ಸೀಟಿ, ಶಾಲೆಯ ಗಂಟೆ, ಕೊನೆಗೆ ನನ್ನ ಹೆಂಡತಿ.

ಶಾಂತಾ ಸುರಪುರದವಳು. ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವಾಗ, ತನ್ನ ಅವ್ವನಿಂದ ಬಂದ ಹಾಡೊಂದನ್ನು ಬಡಿತಕ್ಕೆ ಸರಿಯಾಗಿ ಸಣ್ಣಗೆ ಹೇಳಿಕೊಳ್ಳುವುದು ಅವಳ ರೂಢಿ. ಅವತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ಮೊಬೈಲು ಹಿಡಿದು ನಿಂತೆ. ಮುಳ್ಳು ಕೆಂಪನ್ನು ಬಿಟ್ಟು ಕದಲಲಿಲ್ಲ. "ನೋಡಿಲ್ಲಿ, ನೀ ಹಾಡೂದು ಒಂದೂ ಸ್ವರಕ್ಕ ಬರವಲ್ದು" ಎಂದೆ, ದೊಡ್ಡ ಸಂಶೋಧನೆಯ ಹುಮ್ಮಸ್ಸಿನಲ್ಲಿ. ಅವಳು ಮೊಬೈಲು ನೋಡಿದಳು, ನನ್ನನ್ನು ನೋಡಿದಳು, ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು. ಹಾಡು ಅಲ್ಲಿಗೇ ನಿಂತಿತು.

ಮರುದಿನವೂ ಇಲ್ಲ, ಮುಂದಿನ ವಾರವೂ ಇಲ್ಲ. ಬರೀ ಬಡಿತ. ಮುನಿಸಿಕೊಂಡಳೆಂದರೆ ಹಾಗೂ ಅಲ್ಲ. ಚಹಾ ಕೊಟ್ಟಳು, ಬುತ್ತಿ ಕಟ್ಟಿದಳು, ನಕ್ಕಳು ಕೂಡ. ತಪ್ಪಾಯಿತು, ಹಾಡು ಮಾರಾಯ್ತಿ ಎಂದರೆ "ಯಾಕೋ ನೆನಪಿಗೆ ಬರವಲ್ದುರಿ" ಎಂದಳು. ಇಷ್ಟು ವರ್ಷ ನನ್ನ ಬೆಳಗು ಆ ಹಾಡಿನಿಂದಲೇ ಆಗುತ್ತಿತ್ತೆಂಬುದು ಅದು ನಿಂತ ಮೇಲೆ ಗೊತ್ತಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು: ಇನ್ನು ಮುಂದೆ ಹೀಗೆಯೇ ಇದ್ದುಬಿಟ್ಟರೆ?

ಅಷ್ಟರಲ್ಲಿ ಬೇಸಿಗೆ ಬಂತು, ಗಿಟಾರೂ ಕೈಕೊಟ್ಟಿತು. ನಾನು ಅದನ್ನು ಶೋಭೆಗೆಂದು ತೂಗುಹಾಕಿದ್ದು ಮಧ್ಯಾಹ್ನವೆಲ್ಲ ಬಿಸಿಲು ಕಾಯುವ ಪಡುವಣ ಗೋಡೆಗೆ. ಹನ್ನೆರಡು ತಂತಿಗಳ ಸೆಳೆತಕ್ಕೆ ಅದರ ಹೊಟ್ಟೆ ಉಬ್ಬಿ, ತಂತಿಗಳನ್ನು ಹಿಡಿದ ಮರದ ಪಟ್ಟಿ ಅಂಟು ಬಿಟ್ಟು ಮೇಲೆದ್ದಿತು. ಕೌದಿಯಲ್ಲಿ ಸುತ್ತಿಕೊಂಡು ಸುರಪುರಕ್ಕೆ ಓಡಿದೆ. ಅಲ್ಲಿ ಮೆಹಬೂಬಸಾಬರು ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಈ ಭಾಗದ ಭಜನಾ ಮಂಡಳಿಗಳ ಪೇಟಿಗಳಿಗೆಲ್ಲ ಅವರೇ ವೈದ್ಯರು. ಉಬ್ಬಿದ ಹೊಟ್ಟೆಯ ಮೇಲೆ ಅಂಗೈಯಿಟ್ಟು, "ಎಷ್ಟ್ ಬಿಗದೀರಿ ಮಾಸ್ತರ್ರ! ಇಷ್ಟ್ ಮ್ಯಾಲ ಇರಬೇಕಂತ ಯಾರ್ ಹೇಳ್ಯಾರ?" ಎಂದರು.

"ಮೊಬೈಲ್‌ನಾಗ ಐತ್ರಿ."

"ಮೊಬೈಲ್ ಹಾಡ್ತೈತೇನ್ರಿ?"

ಪಟ್ಟಿಯನ್ನು ಅಂಟಿಸಿ, ಒಂದು ವಾರ ಇಟ್ಟುಕೊಂಡು, ತಂತಿ ಸಡಿಲಬಿಟ್ಟು ಮರಳಿಸುವಾಗ ಅವರು ಪಥ್ಯವನ್ನೂ ಹೇಳಿದರು: ಬಿಸಿಲಿನ ಗೋಡೆ ಬೇಡ, ನುಡಿಸಿದ ಮೇಲೆ ಬೆವರು ಒರೆಸಬೇಕು, ಮುಖ್ಯವಾಗಿ ಎಲ್ಲ ತಂತಿಗಳನ್ನೂ ಕೆಳಗಿನ ಸ್ವರದಲ್ಲೇ ಇಡಬೇಕು, ಮರಕ್ಕೆ ಉಸಿರಾಟ ಸಲೀಸು. ಎಷ್ಟು ಕೆಳಗೆಂದು ಕೇಳಿದೆ. "ನಿಮ್ಮ ಮನ್ಯಾಗ ಯಾರ್ ಹಾಡ್ತಾರ, ಅವರ ದನಿ ಕೇಳ್ರಿ" ಎಂದರು.

ಮರುದಿನ ಬೆಳಿಗ್ಗೆ ಗಿಟಾರು ಹಿಡಿದು ಅಡುಗೆಮನೆಯ ಹೊಸ್ತಿಲ ಹೊರಗೆ ಕೂತೆ.

"ಶಾಂತಾ, ಹಾಡೋರ ದನಿಗೆ ತಂತಿ ಹೊಂದಿಸ್ರಿ ಅಂದಾರ ಮೆಹಬೂಬಸಾಬ್ರು. ಈ ಮನ್ಯಾಗ ಹಾಡಾಕಿ ನೀ ಒಬ್ಬಾಕಿ. ನೀ ಹಾಡದಿದ್ರ ನಾ ಎಲ್ಲೀತನಕ ಬರ್ಲಿ?"

ಅವಳು ಎರಡು ರೊಟ್ಟಿ ಬಡಿದಳು. ನಾನು ಗಿಟಾರಿನ ಹೊಟ್ಟೆಯ ಮೇಲಿನ ಧೂಳು ಒರೆಸುತ್ತ ಕೂತೆ.

"ಮೊಬೈಲ್ ಎಲ್ಲೈತಿ?"

"ಸಾಲಿ ಚೀಲದಾಗ."

ಮೂರನೆಯ ರೊಟ್ಟಿಗೆ ಹಾಡಿನ ಮೊದಲ ಸಾಲು ಬಂತು, ಅಷ್ಟು ದಿನ ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ. ನಾನು ತಂತಿ ಬಿಗಿಯುವ ಬಿರಡೆಗೆ ಕೈ ಹಾಕಿದೆ. ದಪ್ಪ ತಂತಿಯನ್ನು ಅವಳ ದನಿಗೆ ಸೇರಿಸಿ ಮೀಟಿ, ಒಪ್ಪಿಗೆಗಾಗಿ ತಲೆಯೆತ್ತಿದೆ. ಅವಳು ಹಾಡು ನಿಲ್ಲಿಸಿ, ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ, ಕಿವಿಗೊಟ್ಟು ಕೇಳಿದಳು.

"ಊಂಹೂಂ. ಕೂಡಲಿಲ್ಲ. ಇನ್ನಾ ಜರಾ ಕೆಳಗ ಬರ್ರಿ."

ಬಂದೆ.

"ಇನ್ನಾ."

ಮತ್ತೂ ಬಂದೆ. ಅವಳು ಹಿಟ್ಟಿನ ಮುದ್ದೆಯನ್ನು ಮುಂದಕ್ಕೆಳೆದುಕೊಂಡು ಎರಡನೆಯ ಸಾಲು ಎತ್ತಿಕೊಂಡಳು. ಇನ್ನೂ ಹನ್ನೊಂದು ತಂತಿ ಬಾಕಿಯಿದ್ದವು. ನನಗೆ ಅವಸರವೇನಿರಲಿಲ್ಲ.