ಅಸ್ನಾಕೆಚ್‌ಳ ಹದಿಮೂರನೆಯ ತಿಂಗಳು

ಇಥಿಯೋಪಿಯದ ದೆಬ್ರೆ ಮಾರ್ಕೋಸಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಹೆರಿಗೆ ದಾಖಲೆ ಬರೆದ ಅಸ್ನಾಕೆಚ್‌ಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ವರ್ಷ ಬಂದ ಕೋಪ ನ್ಯಾಯವಾದದ್ದೆಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಪ್ರೋಗ್ರಾಮಿಂಗ್ ಪರೀಕ್ಷೆ ಪಾಸಾದವರಿಗೆ ದಾಖಲೆಯ ಕುರ್ಚಿ, ಉಳಿದವರಿಗೆ ಬಟ್ಟೆ ಒಗೆಯುವ ಕೋಣೆ ಎಂದು ಅಪ್ಪಣೆಯಾಯಿತು. ಹುಟ್ಟಿದ ಮಗುವಿನ ಹೆಸರು ಬರೆಯಲು ಪ್ರೋಗ್ರಾಮ್ ಯಾಕೆ ಬೇಕೋ, ಅಪ್ಪಣೆ ಹೊರಡಿಸಿದ ಮಹಾನುಭಾವರೇ ಬಲ್ಲರು.

ನಲವತ್ತಾರರ ಹೆಂಗಸು ಏಳು ವಾರ ಹಲ್ಲು ಕಚ್ಚಿ ಕಲಿತಳು. ಫಂಕ್ಷನ್ ಎಂದರೆ ಒಂದನ್ನು ಕೊಟ್ಟರೆ ಉತ್ತರ ತಂದುಕೊಡುವ ಆಳು. 'ಇಫ್' ಎಂದರೆ ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಕಾವಲಿಗೆ ಇಂಜೆರಾ ದೋಸೆ ಹುಯ್ಯುವಾಗಲೂ ಬಾಯಲ್ಲಿ ಅದೇ ಮಂತ್ರ.

ಪರೀಕ್ಷೆಯಲ್ಲಿ ಬಂದದ್ದು ಒಂದೇ ಪ್ರಶ್ನೆ: ತಿಂಗಳ ಸಂಖ್ಯೆ ಕೊಟ್ಟರೆ ಅದರ ದಿನಗಳೆಷ್ಟೆಂದು ಹೇಳುವ ಫಂಕ್ಷನ್ ಬರೆಯಿರಿ. ಅಸ್ನಾಕೆಚ್ ನಕ್ಕುಬಿಟ್ಟಳು. ಅಲ್ಲಿನ ಪಂಚಾಂಗದಲ್ಲಿ ವರ್ಷದ ಕೊನೆಗೆ ಬರುವ ಹದಿಮೂರನೆಯ ತಿಂಗಳು ಪಗುಮೆಯಾದರೆ ಐದು ದಿನ, ನಾಲ್ಕು ವರ್ಷಕ್ಕೊಮ್ಮೆ ಆರು, ಇಲ್ಲದಿದ್ದರೆ ಮೂವತ್ತು. ಬರೆದು ಗುಂಡಿ ಒತ್ತಿದಳು. ಪರದೆಯ ತುಂಬ ಕೆಂಪಕ್ಷರದಲ್ಲಿ ತಪ್ಪು, ತಪ್ಪು ಎಂದು ಬಂತು.

ಪಾಠ ಹೇಳಲು ರಾಜಧಾನಿ ಅಡಿಸ್‌ನಿಂದ ಬಂದಿದ್ದ ಮೇಷ್ಟ್ರು ಅಬ್ನೆಟ್ ಬಗ್ಗಿ ನೋಡಿ ಕಿಸಕ್ಕನೆ ನಕ್ಕ.

"ಅಕ್ಕಾ, ಇದು ಹೊರದೇಶದ ಪರೀಕ್ಷೆ. ಅವರಿಗೆ ಹನ್ನೆರಡೇ ತಿಂಗಳು. ಹದಿಮೂರು ಕೊಟ್ರೆ 'ಇಂಥ ತಿಂಗಳಿಲ್ಲ' ಅಂತ ಬರಬೇಕು."

"ಇಲ್ವಾ? ಪಗುಮೇಲಿ ನಿಮ್ಮಮ್ಮ ಪುಣ್ಯ ಅಂತ ನಿನ್ನನ್ನ ಮಳೇಲಿ ನಿಲ್ಲಿಸಿ ಮೀಯಿಸಿಲ್ವೇನೋ?"

"ಮೀಯಿಸಿದಾರೆ. ಆದ್ರೆ ಮಾರ್ಕ್ಸ್ ಕೊಡೋದು ನಮ್ಮಮ್ಮ ಅಲ್ವಲ್ಲಕ್ಕಾ. ಅವರು ಕೇಳಿದ್ದು ಬರ್ದುಬಿಡಿ. ಇನ್ನೂ ಹತ್ತು ನಿಮಿಷ ಇದೆ, ಕುರ್ಚಿ ನಿಮ್ಮದೇ."

"ಆ ದಿನಗಳಲ್ಲಿ ಹುಟ್ಟಿದೋರನ್ನೆಲ್ಲ ಇದೇ ಕೈಯಲ್ಲಿ ಬರ್ಕೊಂಡಿದೀನಿ. ಈಗ ಅದೇ ಕೈಯಲ್ಲಿ ಇಲ್ಲ ಅಂತ ಬರೀಲಾ? ಹೋಗಪ್ಪಾ, ನಿನ್ನ ಮಷೀನಿಗೆ ಬುದ್ಧಿ ಹೇಳು ಹೋಗು!"

ಒಂದಕ್ಷರ ತಿದ್ದದೆ ಎದ್ದು ಹೋದಳು. ಸೊನ್ನೆ ಬಂತು, ಕುರ್ಚಿ ಹೋಯಿತು.

ಆ ವರ್ಷ ಪಗುಮೆಗೆ ಐದೇ ದಿನ. ಅದರ ಮೂರರ ಬೆಳಿಗ್ಗೆ ಅವಳು ಒಗೆಯುವ ಕೋಣೆಯಲ್ಲಿ ರಕ್ತದ ಚಾದರ ಹಿಂಡುತ್ತಿದ್ದಳು. ಪಕ್ಕದ ದಾಖಲೆ ಕಿಟಕಿಯಲ್ಲಿ ಹೊಸ ಗುಮಾಸ್ತೆ ಬಾಣಂತಿಯೊಬ್ಬಳಿಗೆ ಹೇಳುತ್ತಿದ್ದಳು: "ಇವತ್ತಿನ ತಾರೀಕು ಕಂಪ್ಯೂಟರ್ ತಗೊಳ್ತಿಲ್ಲ ಕಣಮ್ಮಾ. ಹೊಸ ವರ್ಷದ ದಿನ ಹುಟ್ತು ಅಂತ ಹಾಕ್ಲಾ?"

"ಹಾಕು ತಾಯಿ. ನಂಗೆ ನಿಲ್ಲಕ್ಕಾಗ್ತಿಲ್ಲ."

ಅಸ್ನಾಕೆಚ್‌ಗೆ ಮೈಯೆಲ್ಲ ಉರಿದುಹೋಯಿತು. ಚಾದರ ಬಿಸುಟು ಓಡಿದಳು. "ಹಾಕ್ಬೇಡ! ಕಣ್ಣಿಲ್ವಾ ನಿಂಗೆ? ಮಗು ಎದುರಿಗೇ ಇದೆ!"

ಅಷ್ಟರಲ್ಲಿ ಕಾಗದ ಹೊರಬಂದಿತ್ತು. ಅದರ ಪ್ರಕಾರ, ತಾಯಿಯ ಎದೆಗೆ ಬಾಯಿ ಹಚ್ಚಿದ್ದ ಆ ಮಗು ಹುಟ್ಟಲು ಇನ್ನೂ ಮೂರು ದಿನವಿತ್ತು.