ಹ್ಯಾಂಡ್‌ಓವರ್ ಕೊಡದೆ ಹೋಗದವರು

ಕಳೆದ ವಾರ ನಮ್ಮ ನರ್ಸಿಂಗ್ ಶಾಲೆಗೆ ಒಂದು ರಬ್ಬರ್ ಕೈ ಬಂತು. ಇಂಜೆಕ್ಷನ್ ಕೊಡುವುದನ್ನು, ಡ್ರಿಪ್ ಹಾಕುವುದನ್ನು ಹುಡುಗಿಯರು ಅದರ ಮೇಲೆ ಕಲಿಯಬೇಕು. ಸರಿಯಾದ ಕಡೆ ಚುಚ್ಚಿದರೆ ಒಳಗಿನ ಕೊಳವೆಯಿಂದ ಕೆಂಪು ನೀರೂ ಬರುತ್ತದೆ. ಡಬ್ಬ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಲ್ಯಾಬಿನ ತುಂಬ ಹರಡಿತು. ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನಾನು ಕಲಿಯುವಾಗ ಚುಚ್ಚಿದ್ದು ರಬ್ಬರಿಗಲ್ಲ, ನಮ್ಮ ಇನ್‌ಚಾರ್ಜ್ ಸಿಸ್ಟರ್ ಕೈಗೆ.

ಹಾವೇರಿ ಕಡೆಯ ಕಾಲೇಜೊಂದರಲ್ಲಿ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಆಗಷ್ಟೇ ಬೆಂಗಳೂರಿಗೆ ಬಂದಿದ್ದೆ. ಬಿಟಿಎಂ ಲೇಔಟಿನ ಪಿಜಿಯಲ್ಲಿ ವಾಸ, ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಡಿಪ್ಲೊಮಾ ಅಂದರೆ ಡಿಪ್ಲೊಮಾ, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಕಾಲೇಜಿನಲ್ಲಿ ಡ್ರಿಪ್ ಹಾಕುವುದನ್ನು ದೂರದಿಂದ ನೋಡಿದ್ದೆವೇ ಹೊರತು ಹಾಕಿದವರಲ್ಲ. ನನಗೆ ಸೂಜಿ ಹಿಡಿಯಲೂ ಬಾರದೆಂದು ಇನ್‌ಚಾರ್ಜ್ ಸಿಸ್ಟರ್ ಮೊದಲ ದಿನವೇ ಕಂಡುಹಿಡಿದರು. ಪಕ್ಕದ ಡ್ರೆಸಿಂಗ್ ಕೋಣೆಗೆ ಕರೆದುಕೊಂಡು ಹೋಗಿ ಕೋಟಿನ ತೋಳು ಮೇಲೇರಿಸಿ ತಮ್ಮ ಕೈಯನ್ನು ನನ್ನ ಮುಂದೆ ಚಾಚಿದರು.

“ಚುಚ್ಚೇ, ನೋಡೋಣ.”

“ಅಂಜಿಕಿ ಆಗ್ತದ್ರಿ ಅಕ್ಕಾರ.”

“ಆ ಅಂಜಿಕೆ ನನ್ನ ಹತ್ರನೇ ಮುಗಿಸಿಬಿಡು. ಪೇಷಂಟ್ ಹತ್ರ ತಗೊಂಡು ಹೋಗ್ಬೇಡ.”

ನನಗೆ ನರ ಸಿಗಲಿಲ್ಲ. ಮತ್ತೆ ಚುಚ್ಚಿದೆ, ಆಗಲೂ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಅವರ ಮುಂಗೈ ನೀಲಿಗಟ್ಟಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಏನಾಯಿತೆಂದು ಕೇಳಿದ್ದಕ್ಕೆ, ಬಾಗಿಲಿಗೆ ಬಡಿದುಕೊಂಡೆ ಅಂದರು. ಹೊಸದಾಗಿ ಸೇರಿದ ಹುಡುಗಿಯರೆಲ್ಲ ಹಾಗೆಯೇ ಕಲಿತಿದ್ದರಂತೆ. ಆ ಬಾಗಿಲಿಗೆ ಅದೆಷ್ಟು ಸಲ ಬಡಿದುಕೊಂಡಿದ್ದರೋ...

ಅವರು ತುಮಕೂರು ಕಡೆಯವರು, ಮನೆ ಗಿರಿನಗರದಲ್ಲಿ. ಹಣೆಯ ಮೇಲೆ ಕಂಡೂ ಕಾಣದಷ್ಟು ವಿಭೂತಿ, ಬಾಯಲ್ಲಿ ಸದಾ ಗದರಿಕೆ. ನನ್ನ ‘ರೀ’ಗಳನ್ನು ಆಡಿಕೊಳ್ಳುವುದು ಅವರಿಗೆ ಬಲು ಇಷ್ಟ. ಇನ್‌ಚಾರ್ಜ್ ಅಂದರೆ ಇಡೀ ವಾರ್ಡಿನ ಜವಾಬ್ದಾರಿ. ಯಾರಿಗೆ ಯಾವ ಡ್ಯೂಟಿ, ಯಾರ ಹೊಲಿಗೆ ಬಿಚ್ಚಬೇಕು, ಯಾರ ಮನೆಯವರು ಇನ್ನೂ ಬಂದಿಲ್ಲ, ಎಲ್ಲವೂ ಅವರ ತಲೆಯ ಮೇಲೆ. ಆದರೆ ಅವರ ಮನಸ್ಸು ಇದ್ದದ್ದು ಬೇರೆ ಕಡೆ. ಅವರಿಗೆ ನರ್ಸಿಂಗ್ ಶಾಲೆಯಲ್ಲಿ ಟೀಚರ್ ಆಗಬೇಕಿತ್ತು. ಬೋರ್ಡಿನ ಮುಂದೆ ನಿಂತು, ಕೈಯಲ್ಲಿ ಚಾಕ್‌ಪೀಸ್ ಹಿಡಿದು ಪಾಠ ಮಾಡಬೇಕಿತ್ತು. ಅದಕ್ಕೆ ನಮ್ಮ ಡಿಪ್ಲೊಮಾ ಸಾಲದು. ಪೋಸ್ಟ್ ಬೇಸಿಕ್ ಬಿಎಸ್ಸಿ ಅಂತ ಇನ್ನೆರಡು ವರ್ಷ ಓದಿ ಪದವಿ ತೆಗೆದುಕೊಳ್ಳಬೇಕು.

ನಾನು ಸೇರಿದ ವರ್ಷವೇ ಅವರಿಗೆ ಸೀಟು ಸಿಕ್ಕಿತು. ಯಜಮಾನರು ಒಪ್ಪಿದ್ದರು, ನರ್ಸಿಂಗ್ ಹೋಮಿನವರು ರಜೆ ಕೊಡಲು ಒಪ್ಪಿದ್ದರು. ವಾರ್ಡಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದೂ ಆಗಿತ್ತು. ಕಾಲೇಜಿಗೆ ಸೇರಲು ಕೊನೆಯ ದಿನವೇ ಅವರ ನೈಟ್ ಡ್ಯೂಟಿ ಮುಗಿಯುವ ಬೆಳಿಗ್ಗೆಯಾಗಿತ್ತು. ಬೆಳಗಿನ ಸಿಸ್ಟರ್ ಬಂದರೆ ವಾರ್ಡ್ ಒಪ್ಪಿಸಿ, ಆಟೋ ಹಿಡಿದು ಹೋಗಿ ಮಧ್ಯಾಹ್ನದೊಳಗೆ ಸೇರಿಬಿಡುವುದು ಎಂದು ಲೆಕ್ಕ ಹಾಕಿದ್ದರು. ಆಸ್ಪತ್ರೆಯ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಮುಂದಿನ ಪಾಳಿಯವರು ಬಂದು, ಹಾಸಿಗೆ ಹಾಸಿಗೆಗೂ ಜೊತೆಯಲ್ಲಿ ನಡೆದು, ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನು ಕೇಳಿ ಒಪ್ಪಿಕೊಳ್ಳುವವರೆಗೆ ನಾವು ವಾರ್ಡ್ ಬಿಡುವಂತಿಲ್ಲ. ಅದಕ್ಕೇ ಹ್ಯಾಂಡ್‌ಓವರ್ ಅನ್ನುತ್ತೇವೆ.

ಆ ದಿನ ಬೆಳಗಿನ ಸಿಸ್ಟರ್ ಬರಲಿಲ್ಲ. ಮಗುವಿಗೆ ಜ್ವರ ಜಾಸ್ತಿಯಾಗಿದೆಯೆಂದು ಫೋನ್ ಬಂತು. ಬದಲಿಗೆ ಬರಬೇಕಾದವರು ಹೊಸಕೋಟೆಯ ಆಚೆ ಎಲ್ಲೋ ಇದ್ದರು. ಹಿಂದಿನ ದಿನ ಆಪರೇಷನ್ ಆದ ಹೆಂಗಸಿಗೆ ರಕ್ತಸ್ರಾವ ಬೇರೆ ಶುರುವಾಗಿತ್ತು. ನಾನು ಡ್ಯೂಟಿಗೆ ಬಂದು ಅಲ್ಲೇ ನಿಂತಿದ್ದೆ.

“ನೀವು ಹೋಗ್ರಿ ಅಕ್ಕಾರ, ನಾ ನೋಡ್ಕೋತೀನಿ,” ಅಂದೆ.

“ನಿಂಗಿನ್ನೂ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ಬಂದಿಲ್ಲ ಕಣೇ. ನಿನ್ನೊಬ್ಬಳ ಕೈಗೆ ವಾರ್ಡ್ ಕೊಟ್ಟು ಹೋಗಿ, ಆಕೆಗೇನಾದ್ರೂ ಆದ್ರೆ? ನಿನ್ನ ಕೆಲಸ ಇಲ್ಲಿಗೇ ಮುಗೀತು.”

ಅಷ್ಟು ಹೇಳಿ ಆ ಹೆಂಗಸಿನ ಬಿಪಿ ನೋಡಲು ಹೋದರು. ಬದಲಿ ಸಿಸ್ಟರ್ ಬಂದಾಗ ಮಧ್ಯಾಹ್ನದ ಊಟದ ತಟ್ಟೆಗಳು ಬರುತ್ತಿದ್ದವು. ಆಗಲೂ ಅವರು ಅವಸರ ಮಾಡಲಿಲ್ಲ. ಪ್ರತಿ ಹಾಸಿಗೆಯ ಹತ್ತಿರ ನಿಂತು ಎಲ್ಲವನ್ನೂ ಹೇಳಿ ಒಪ್ಪಿಸಿಯೇ ಆಟೋ ಹತ್ತಿದರು. ಅಷ್ಟರಲ್ಲಿ ಕಾಲೇಜಿನವರು ಸೀಟನ್ನು ಮುಂದಿನವರಿಗೆ ಕೊಟ್ಟಿದ್ದರು. ಮರುದಿನ ಡ್ಯೂಟಿಗೆ ಬಂದು, “ಮುಂದಿನ ವರ್ಷ ನೋಡೋಣ ಬಿಡು,” ಅಂದರು. ಮುಂದಿನ ವರ್ಷ ಮಗಳ ಪಿಯುಸಿ, ಅದರ ಮುಂದಿನ ವರ್ಷ ಯಜಮಾನರಿಗೆ ಬೈಪಾಸ್... ಆಮೇಲೆ ಅವರು ಆ ಮಾತು ಎತ್ತುವುದನ್ನೇ ಬಿಟ್ಟರು. ಆ ಹೆಂಗಸು ಮಾತ್ರ ಚೆನ್ನಾಗಿ ಗುಣವಾಗಿ, ನಡೆದುಕೊಂಡೇ ಮನೆಗೆ ಹೋದಳು.

ತಾವು ಓದಲಾಗದಿದ್ದಕ್ಕೆ ನನ್ನ ಬೆನ್ನು ಹತ್ತಿದರು. ಅದೇ ಪದವಿಗೆ ಅರ್ಜಿ ಹಾಕುವವರೆಗೂ ಬಿಡಲಿಲ್ಲ. ನನ್ನ ಓದಿಗಾಗಿ ಯಾರ್ಯಾರ ಡ್ಯೂಟಿಯನ್ನೋ ಅದಲು ಬದಲು ಮಾಡಿ ಬೈಸಿಕೊಂಡರು. ನಾನು ಪದವಿ ಮುಗಿಸಿಕೊಂಡು ಅದೇ ನರ್ಸಿಂಗ್ ಹೋಮಿಗೆ ಸಿಬ್ಬಂದಿಗೆ ತರಬೇತಿ ಕೊಡುವವಳಾಗಿ ವಾಪಸ್ ಬಂದೆ. ಮೊದಲ ಕ್ಲಾಸಿಗೆ ಎಲ್ಲ ಸಿಸ್ಟರುಗಳೂ ಬರಬೇಕೆಂದು ಆದೇಶವಿತ್ತು. ವಿಷಯ, ಡ್ರಿಪ್ ಹಾಕುವ ಕ್ರಮ. ಇನ್‌ಚಾರ್ಜ್ ಸಿಸ್ಟರ್ ಕೊನೆಯ ಸಾಲಿನಲ್ಲಿ ಬಂದು ಕೂತರು. ನಾನು ಬರೆದುಕೊಂಡು ಬಂದಿದ್ದ ಮೊದಲ ಸಾಲನ್ನೇ ಮತ್ತೆ ಮತ್ತೆ ಓದಿದೆ. ಹುಡುಗಿಯರು ಪಿಸುಗುಡತೊಡಗಿದರು. ಆಗ ಹಿಂದಿನಿಂದ ಅವರ ಕೈ ಮೇಲೆದ್ದಿತು.

“ಮೇಡಂ, ಪೇಷಂಟಿಗೆ ನರ ಸಿಗದಿದ್ರೆ ಮೊದ್ಲು ಏನ್ ಮಾಡ್ಬೇಕು?”

ಉತ್ತರ ಹೇಳುತ್ತ ಹೇಳುತ್ತ ನನ್ನ ಪಾಠ ಸರಾಗವಾಯಿತು. ಅವರು ಹೊಸಬರ ಹಾಗೆ ತಲೆಯಾಡಿಸುತ್ತ ಕೇಳಿದರು. ಅವರ ಬಾಯಿಂದ ಮೇಡಂ ಅನ್ನಿಸಿಕೊಂಡಿದ್ದು ಈಗಲೂ ನನಗೆ ಒಳಗೇ ಮುಳ್ಳು ಮುರಿದ ಹಾಗಿದೆ.

ಮುಂದೆ ನಾನು ಜೆ.ಪಿ. ನಗರದ ನರ್ಸಿಂಗ್ ಶಾಲೆಗೆ ಟೀಚರಾಗಿ ಸೇರಿದೆ. ಅವರು ನರ್ಸಿಂಗ್ ಹೋಮ್ ಬಿಟ್ಟು ಕುಮಾರಸ್ವಾಮಿ ಲೇಔಟಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ಹಗಲು ಹೊತ್ತು ನೋಡಿಕೊಳ್ಳತೊಡಗಿದರು. ನಮ್ಮಲ್ಲಿ ಪ್ರತಿ ವರ್ಷ ಹೊಸ ಹುಡುಗಿಯರು ಹಿರಿಯ ನರ್ಸೊಬ್ಬರ ಕೈಯ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು ಪ್ರತಿಜ್ಞೆ ಮಾಡುವ ಪದ್ಧತಿಯಿದೆ. ಆ ವರ್ಷ ಪ್ರಿನ್ಸಿಪಾಲರ ಬೆನ್ನು ಬಿದ್ದು, ಆ ಹಿರಿಯರು ಇವರೇ ಆಗಬೇಕೆಂದು ಒಪ್ಪಿಸಿದೆ. ದೀಪ ಕೊಟ್ಟ ಮೇಲೆ ಅವರದೇ ಒಂದು ತರಗತಿ. ಬೋರ್ಡನ್ನು ನಾನೇ ಒರೆಸಿ ಇಟ್ಟಿದ್ದೆ. ಹುಡುಗಿಯರು ಬಿಳಿ ಬಟ್ಟೆಯಲ್ಲಿ ಸಾಲಾಗಿ ನಿಂತಾಗ ಸಿಸ್ಟರ್ ಫೋನ್ ಬಂತು.

“ನನ್ನ ಬದಲಿಗೆ ಬರ್ಬೇಕಾದ ರಿಲೀವರ್ ಬಂದಿಲ್ಲ ಕಣೇ. ಮನೆಯವ್ರೂ ಇಲ್ಲ. ರೇಷ್ಮೆ ಸೀರೆ ಉಟ್ಕೊಂಡು ಅಜ್ಜಿ ಪಕ್ಕ ಕೂತಿದೀನಿ.”

“ಅಕ್ಕಾರ, ಅರ್ಧ ಗಂಟೆ ಬಂದು ಹೋಗ್ರಿ. ಪಕ್ಕದ ಮನಿಯವರಿಗೆ ಹೇಳ್ರಿ.”

“ಪಕ್ಕದ ಮನೆಯವ್ರಿಗೆ ಹ್ಯಾಂಡ್‌ಓವರ್ ಕೊಡೋಕಾಗುತ್ತಾ? ಹಾಗಂತ ನಾನು ನಿಂಗೆ ಹೇಳ್ಕೊಟ್ಟಿದ್ದು?” ನಗುತ್ತಲೇ ಹೇಳಿದರು. “ನೀನೇ ಹಚ್ಚು. ಹುಡುಗೀರು ಕಾಯ್ತಿರ್ತಾರೆ.”

ನಾನೇ ಹಚ್ಚಿದೆ. ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಮುಂದಿನ ವರ್ಷ ಖಂಡಿತ ಕರೆಸಬೇಕೆಂದುಕೊಂಡೆ. ಅಷ್ಟರಲ್ಲಿ ಅವರಿಗೇ ಹೃದಯಾಘಾತವಾಗಿ, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು.

ಗಿರಿನಗರದ ಮನೆಗೆ ಹೋದಾಗ ಅವರ ಮಗಳು ಬಾಗಿಲಲ್ಲಿ ನಿಂತಿದ್ದಳು. ಈಗ ಯಾವುದೋ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳಂತೆ. ಅತ್ತು ಕಣ್ಣುಗಳು ಬತ್ತಿದ್ದವು.

“ಅಮ್ಮಂಗೆ ಟೀಚರ್ ಆಗ್ಬೇಕು ಅಂತ ತುಂಬ ಆಸೆ ಇತ್ತು, ಆಂಟಿ. ಕೊನೆಗೂ ಆಗ್ಲೇ ಇಲ್ಲ, ಪಾಪ.”

“ಆಗಿದ್ರಮ್ಮಾ. ನಾನೇ ಅವರ ಸ್ಟೂಡೆಂಟು. ನನ್ನ ಹಾಗೆ ಎಷ್ಟೋ ಮಂದಿ ಇದ್ದೀವಿ,” ಅಂದೆ.

ಅವಳು ಮೆಲ್ಲಗೆ ತಲೆಯಾಡಿಸಿ, “ಥ್ಯಾಂಕ್ಸ್ ಆಂಟಿ, ಒಳಗೆ ಬನ್ನಿ,” ಎಂದಳು. ಅವಳಿಗದು ಸಮಾಧಾನಕ್ಕೆ ಆಡಿದ ಮಾತಾಗಿಯೇ ಕೇಳಿಸಿರಬೇಕು. ಸಾವಿನ ಮನೆಯಲ್ಲಿ ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಾರೆ. ಅವುಗಳ ನಡುವೆ ನನ್ನದು ಮಾತ್ರ ನಿಜವೆಂದು ತೋರಿಸುವುದು ಹೇಗೆ...

ಈಗ ನಾನು ಕಾರಿಡಾರಿನಲ್ಲಿ ಹೋಗುವಾಗ ಹುಡುಗಿಯರು ದಿನಕ್ಕೆ ಎಷ್ಟೋ ಸಲ “ಗುಡ್ ಮಾರ್ನಿಂಗ್ ಟೀಚರ್” ಅನ್ನುತ್ತಾರೆ. ಕೇಳಿ ಕೇಳಿ ರೂಢಿಯಾಗಿ, ಕೆಲವೊಮ್ಮೆ ತಿರುಗಿಯೂ ನೋಡುವುದಿಲ್ಲ. ನಮ್ಮ ಸಿಸ್ಟರ್ ಟೀಚರ್ ಅನ್ನುವ ಆ ಒಂದು ಮಾತನ್ನು ಒಂದು ಸಲವೂ ಕೇಳಿಸಿಕೊಳ್ಳದೆ ಹೋದರು. ಅವರಿದ್ದಾಗ ನೀವೇ ನನ್ನ ಟೀಚರ್ ಎಂದು ನಾನು ಹೇಳಿದ್ದರೆ, ಮತ್ಯಾರೂ ನಂಬದಿದ್ದರೂ, ಅವರಾದರೂ ನಂಬುತ್ತಿದ್ದರು.